ಹೆಸರು ಮಗಳದ್ದು, ಸೂಜಿ ಕಾಂಪೌಂಡರದ್ದು: ಈ ಕರಾರಿಗೆ ಸಹಿ ಹಾಕಬಹುದೇ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳ ಬಿಎಎಂಎಸ್ (ಆಯುರ್ವೇದ ಪದವಿ) ಮುಗಿದು, ಇಂಟರ್ನ್‌ಶಿಪ್ಪೂ ಆಗಿ, ಬೆಂಗಳೂರಿನ ಮಂಡಳಿಯಿಂದ ನೋಂದಣಿ ಪತ್ರ ಕೈಗೆ ಬಂದಿದೆ. ನಮ್ಮ ಪೇಟೆಯಲ್ಲಿ ಮೂವತ್ತು ವರ್ಷ ‘ಆರ್‌ಎಂಪಿ ಡಾಕ್ಟ್ರು’ ಎಂದೇ ಹೆಸರಾಗಿದ್ದವರು ಈಗ ಹಾಸಿಗೆ ಹಿಡಿದಿದ್ದಾರೆ. ಅವರ ಜೊತೆ ಹದಿನೈದು ವರ್ಷ ಇದ್ದ ಕಾಂಪೌಂಡರ್ ಈಗಲೂ ಬಾಗಿಲು ತೆಗೆದು ಸೂಜಿ, ಗ್ಲೂಕೋಸ್ ಬಾಟಲಿ ಎಲ್ಲ ಹಾಕುತ್ತಿದ್ದಾರೆ. ‘ಕಟ್ಟಡ, ಮೂರು ಮಂಚ, ಇರುವ ಔಷಧಿ ಎಲ್ಲ ನಿಮಗೇ. ಬೋರ್ಡಿನಲ್ಲಿ ನಿಮ್ಮ ಮಗಳ ಹೆಸರಿರಲಿ, ನಾನು ಹೀಗೇ ಮುಂದುವರಿಯುತ್ತೇನೆ, ಬಂದದ್ದರಲ್ಲಿ ಅರ್ಧರ್ಧ’ ಅನ್ನುತ್ತಾರೆ. ಅವರ ಹತ್ತಿರ ‘ಪರ್ಯಾಯ ವೈದ್ಯ ಪದ್ಧತಿ’ಯ ಡಿಪ್ಲೊಮಾ ಇದೆ, ಗೋಡೆಗೆ ಚೌಕಟ್ಟು ಹಾಕಿಸಿದ್ದಾರೆ. ಬಿಎಎಂಎಸ್‌ನವರು ಆರು ತಿಂಗಳ ಕೋರ್ಸ್ ಮಾಡಿಕೊಂಡರೆ ಇಂಗ್ಲಿಷ್ ಔಷಧಿ ಕೊಡಬಹುದು ಎಂದು ಕೆಲವರು ಹೇಳುತ್ತಾರೆ. ಸೂಜಿ ಹಾಕದಿದ್ದರೆ ಹಳ್ಳಿಯಲ್ಲಿ ಕ್ಲಿನಿಕ್ ನಡೆಯುವುದಿಲ್ಲ ಎಂದೂ ಹೇಳುತ್ತಾರೆ. ಒಪ್ಪಿಕೊಳ್ಳಬಹುದೇ? ಏನೇನು ಅನುಮತಿ ಬೇಕು? ರೇಡ್ ಆದರೆ ಯಾರ ತಲೆಗೆ ಬರುತ್ತದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಉಳಿದದ್ದು ಅದರಿಂದಲೇ ಬಿಡಿಸಿಕೊಳ್ಳುತ್ತದೆ. ರೇಡ್ ಆದರೆ ನಿಮ್ಮ ಮಗಳ ತಲೆಗೇ ಬರುತ್ತದೆ. ಕಾಂಪೌಂಡರ್ ಮೇಲೂ ಕೇಸಾಗುತ್ತದೆ, ನಿಜ. ಆದರೆ ಅವರಿಗೆ ಕಳೆದುಕೊಳ್ಳಲು ನೋಂದಣಿ ಇಲ್ಲ. ನಿಮ್ಮ ಮಗಳಿಗೆ ಇದೆ. ಐದೂವರೆ ವರ್ಷ ಓದಿ ಗಳಿಸಿದ್ದು ಅದೊಂದೇ. ಆ ಕರಾರಿನಲ್ಲಿ ಅವರು ಬಾಡಿಗೆಗೆ ಕೇಳುತ್ತಿರುವುದೂ ಅದನ್ನೇ. ಕಟ್ಟಡ ಕೊಡುವಂತೆ ಕಂಡರೂ ವ್ಯವಹಾರ ಉಲ್ಟಾ: ಅವರು ನಿಮ್ಮಿಂದ ಹೆಸರು ಪಡೆಯುತ್ತಿದ್ದಾರೆ.

ಈಗ ‘ಆರ್‌ಎಂಪಿ’ ವಿಷಯ. ಕಾನೂನಿನಲ್ಲಿ ಈ ಮೂರಕ್ಷರಕ್ಕೆ ನೋಂದಾಯಿತ ವೈದ್ಯ ಎಂಬ ಅರ್ಥ, ಅಂದರೆ ಹೆಸರು ರಿಜಿಸ್ಟರಿನಲ್ಲಿ ಇರುವವರು. ಹಳ್ಳಿಯ ಮಾತಿನಲ್ಲಿ ಅದು ‘ರೂರಲ್ ಮೆಡಿಕಲ್ ಪ್ರಾಕ್ಟೀಷನರ್’ ಆಗಿ, ಕ್ರಮೇಣ ಒಂದು ಡಿಗ್ರಿಯ ಹೆಸರಿನಂತೆ ಬೋರ್ಡಿಗೆ ಏರಿದೆ. ಹಾಗೊಂದು ಡಿಗ್ರಿ ಇಲ್ಲ. ಹಳೆಯ ಕಾಯ್ದೆಗಳ ಕಾಲದಲ್ಲಿ ಕಾಲೇಜು ಮೆಟ್ಟಿಲು ಹತ್ತದೆ ಅನುಭವದ ಆಧಾರದ ಮೇಲೆ ನೋಂದಾಯಿತರಾದ ವೈದ್ಯರು ಇದ್ದರು ಎಂಬುದು ನಿಜ, ನಿಮ್ಮ ಪೇಟೆಯ ಹಿರಿಯರು ಅಂಥವರೇ ಇದ್ದರೂ ಇರಬಹುದು. ಆದರೆ ಆ ನೋಂದಣಿ ವ್ಯಕ್ತಿಗೆ ಅಂಟಿದ್ದು, ಅವರಿಂದಾಚೆ ದಾಟುವುದಿಲ್ಲ. ತೋಟದ ಹಾಗೆ ಮಗನಿಗೂ ಬರುವುದಿಲ್ಲ, ಜೊತೆಗಿದ್ದ ಕಾಂಪೌಂಡರಿಗೂ ಬರುವುದಿಲ್ಲ. ತಲೆಮಾರಿನಿಂದ ವೈದ್ಯ ಮಾಡಿಕೊಂಡು ಬಂದಿದ್ದೇವೆ ಎಂಬ ಕಾರಣವೊಂದರಿಂದಲೇ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಚೌಕಟ್ಟು ಹಾಕಿಸಿದ ಡಿಪ್ಲೊಮಾವನ್ನು ಹತ್ತಿರ ಹೋಗಿ ಓದಿ. ಅಂಥ ಪತ್ರಗಳಲ್ಲಿ ದೊಡ್ಡ ಅಕ್ಷರದಲ್ಲಿ ಸಂಸ್ಥೆಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೊಸೈಟಿ ಅಥವಾ ಟ್ರಸ್ಟ್ ನೋಂದಣಿಯ ಸಂಖ್ಯೆ ಇರುತ್ತದೆ. ಅದು ಸಂಘ ಸಂಸ್ಥೆಗಳ ಕಾಯ್ದೆಯಡಿ ಸಂಘ ನೋಂದಾಯಿಸಿದ ಸಂಖ್ಯೆ. ಯುವಕ ಮಂಡಲಕ್ಕೂ ಭಜನಾ ಮಂಡಳಿಗೂ ಇರುವಂಥದ್ದೇ. ವೈದ್ಯ ರಿಜಿಸ್ಟರಿಗೂ ಅದಕ್ಕೂ ಸಂಬಂಧವಿಲ್ಲ. ಎಲೆಕ್ಟ್ರೋಪತಿಯಂಥ ಮಾನ್ಯತೆ ಇಲ್ಲದ ಪದ್ಧತಿಗಳಲ್ಲಿ ಡಿಗ್ರಿ, ಡಿಪ್ಲೊಮಾ ಕೊಡಬಾರದು, ಅವುಗಳವರು ‘ಡಾಕ್ಟರ್’ ಎಂದು ಬರೆದುಕೊಳ್ಳಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್‌ನಲ್ಲೇ ಆದೇಶ ಹೊರಡಿಸಿದೆ. ಸಮುದಾಯ ವೈದ್ಯಕೀಯ ಸೇವೆಯ ಡಿಪ್ಲೊಮಾ ಹಿಡಿದು ಕ್ಲಿನಿಕ್ ನೋಂದಣಿ ಕೇಳಿದವರ ಅರ್ಜಿಯನ್ನು ನಮ್ಮ ಹೈಕೋರ್ಟೂ ತಳ್ಳಿಹಾಕಿದೆ. ಇನ್ನು ಯಾರೋ ಎಂಬಿಬಿಎಸ್ ವೈದ್ಯರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ‘ಇವರು ನನ್ನ ಬಳಿ ಇಷ್ಟು ವರ್ಷ ಕೆಲಸ ಕಲಿತಿದ್ದಾರೆ, ಚಿಕಿತ್ಸೆಯಲ್ಲಿ ನುರಿತವರು’ ಎಂಬ ಪತ್ರವಿದ್ದರೆ, ಅದು ಕೊಟ್ಟ ವೈದ್ಯರಿಗೇ ಮುಳುವು. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯ 7.10ರ ಪ್ರಕಾರ ಅರ್ಹತೆ ಇಲ್ಲದವರಿಗೆ ಆಧುನಿಕ ವೈದ್ಯದಲ್ಲಿ ದಕ್ಷತೆಯ ಪತ್ರ ಕೊಡುವುದು ದುರ್ನಡತೆ.

ರಿಜಿಸ್ಟರ್ ಎಂದರೇನು, ಒಂದೇ ಮಾತಿನಲ್ಲಿ: ಒಂದೊಂದು ಪದ್ಧತಿಗೆ ಒಂದೊಂದು ಪುಸ್ತಕ. ಅಲೋಪತಿಯವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ನಿಮ್ಮ ಮಗಳಂಥವರದ್ದು ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ, ಹೋಮಿಯೋಪತಿಯವರದ್ದು ಇನ್ನೊಂದರಲ್ಲಿ. ಮೇಲೆ ಕೇಂದ್ರದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2020ರ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆ. ಯಾವ ಪುಸ್ತಕದಲ್ಲಿ ಹೆಸರಿದೆಯೋ ಆ ಪದ್ಧತಿಯಲ್ಲಷ್ಟೇ ಚಿಕಿತ್ಸೆ. ಆಧುನಿಕ ವೈದ್ಯದ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಆ ವೈದ್ಯ ಮಾಡಿದರೆ 2019ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಂಪೌಂಡರಿಗೆ ಇದು ನೇರವಾಗಿ ತಾಗುತ್ತದೆ. ಬಿಎಎಂಎಸ್ ವೈದ್ಯೆ ಆಂಟಿಬಯೋಟಿಕ್ ಬರೆದರೆ ಅವಳಿಗೂ ತಾಗುತ್ತದೆ.

ಇಲ್ಲಿ ನಿಮಗೆ ಯಾರಾದರೂ ಮಹಾರಾಷ್ಟ್ರದ ಉದಾಹರಣೆ ಕೊಡುತ್ತಾರೆ, ‘ಅಲ್ಲಿ ಬಿಎಎಂಎಸ್‌ನವರು ಕೊಡುತ್ತಾರಲ್ಲ’ ಎಂದು. ಕೊಡುತ್ತಾರೆ. ಔಷಧ ನಿಯಮಾವಳಿಯ 2(ಇಇ)(iii) ಎಂಬ ಉಪನಿಯಮದಡಿ ರಾಜ್ಯ ಸರ್ಕಾರವೊಂದು ಆದೇಶ ಹೊರಡಿಸಿ ಬೇರೆ ಪದ್ಧತಿಯವರಿಗೂ ಆಧುನಿಕ ಔಷಧಿ ಬರೆಯುವ ಅವಕಾಶ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಒಪ್ಪಿದೆ. ಮಹಾರಾಷ್ಟ್ರ ಹಾಗೆ ಮಾಡಿಕೊಂಡಿದೆ. ಕರ್ನಾಟಕದ ಖಾಸಗಿ ಬಿಎಎಂಎಸ್ ಕ್ಲಿನಿಕ್‌ಗಳಿಗೆ ಅಂಥ ಸಾರಾಸಗಟು ಅನುಮತಿ ಇಲ್ಲ. ಸರ್ಕಾರ ತನ್ನ ಆರೋಗ್ಯ ಕೇಂದ್ರಗಳಲ್ಲಿ ನೇಮಿಸಿಕೊಂಡ ಆಯುಷ್ ವೈದ್ಯರಿಗೆ ಏನಾದರೂ ಕೆಲಸ ಒಪ್ಪಿಸಿದರೆ ಅದು ಆ ಹುದ್ದೆಗೂ ಆ ಕೇಂದ್ರಕ್ಕೂ ಸೀಮಿತ, ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಹೊತ್ತು ತರಲಾಗದು.

ಆರು ತಿಂಗಳ ಕೋರ್ಸಿನ ಸುದ್ದಿಯೂ ಹೀಗೇ ಅರ್ಧ ಸತ್ಯದಿಂದ ಹುಟ್ಟಿದ್ದು. 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ‘ಬ್ರಿಜ್ ಕೋರ್ಸ್’ ಎಂಬ ಕಲಮು ಇತ್ತು. ಗಲಾಟೆಯಾಗಿ ಅದನ್ನು ಕೈಬಿಟ್ಟರು, 2019ರಲ್ಲಿ ಪಾಸಾದ ಕಾಯ್ದೆಯಲ್ಲಿ ಅದಿಲ್ಲ. ಇನ್ನೊಂದು ಇದೆ: ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಲು ನರ್ಸಿಂಗ್ ಮತ್ತು ಬಿಎಎಂಎಸ್ ಓದಿದವರಿಗೆ ಇರುವ ಸಮುದಾಯ ಆರೋಗ್ಯ ಸರ್ಟಿಫಿಕೇಟ್. ಅದು ನಿಜವಾದ ಕೋರ್ಸೇ. ಆದರೆ ಅದು ಸರ್ಕಾರಿ ಉಪಕೇಂದ್ರದಲ್ಲಿ, ನಿಗದಿತ ಪಟ್ಟಿಯ ಔಷಧಿಯನ್ನು, ಮೇಲಿನ ವೈದ್ಯಾಧಿಕಾರಿಯ ಸುಪರ್ದಿನಲ್ಲಿ ಕೊಡುವ ಕೆಲಸಕ್ಕೆ ಮಾತ್ರ. ಹಣ ಕಟ್ಟಿಸಿಕೊಂಡು ‘ಅಲೋಪತಿ ಲೈಸೆನ್ಸ್’ ಕೊಡುತ್ತೇವೆ ಎನ್ನುವ ಖಾಸಗಿ ಜಾಹೀರಾತು ಕಂಡರೆ ಅದಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ತೋಟಕ್ಕೆ ಗೊಬ್ಬರ ತರಿಸಿ.

ಕಾನೂನು ಇಷ್ಟೊಂದು ಕಟ್ಟುನಿಟ್ಟು ಯಾಕೆ, ಒಂದು ಸೂಜಿಗೆ ಏನಾಗುತ್ತದೆ ಎಂದು ನಿಮಗೆ ಅನಿಸಬಹುದು. ಫೆಬ್ರವರಿಯ ಒಂದು ಬೆಳಗ್ಗೆ ಊಹಿಸಿಕೊಳ್ಳಿ. ದರಗು ಗುಡಿಸಲು ಕಾಡಿಗೆ ಹೋಗಿ ಬಂದವನಿಗೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಸೊಂಟ ಕಾಲು ಕಡಿತ. ಕಾಂಪೌಂಡರ್ ಒಂದು ಸಿರಿಂಜಿನಲ್ಲಿ ನೋವಿನ ಔಷಧಿ ಡೈಕ್ಲೋಫೆನಾಕ್, ಇನ್ನೊಂದರಲ್ಲಿ ಡೆಕ್ಸಾಮೆಥಸೋನ್ ಎಳೆದು ಸೊಂಟಕ್ಕೆ ಹಾಕುತ್ತಾರೆ. ಸಂಜೆಗೆ ಜ್ವರ ಇಳಿದು ಗಂಜಿ ಕುಡಿಯುತ್ತಾನೆ. ‘ಕೈಗುಣ’ ಎಂಬ ಹೆಸರು ಬರುವುದು ಹೀಗೆ: ಡೆಕ್ಸಾಮೆಥಸೋನ್ ಸ್ಟೀರಾಯ್ಡ್, ಅದು ಜ್ವರವನ್ನೂ ನೋವನ್ನೂ ಮುಚ್ಚಿಡುತ್ತದೆ, ರೋಗ ಒಳಗೇ ಇರುತ್ತದೆ. ಅದು ಮಂಗನ ಕಾಯಿಲೆಯಾಗಿದ್ದರೆ, ಡೆಂಗಿಯಾಗಿದ್ದರೆ, ಆ ಹೊತ್ತಿಗೆ ಪ್ಲೇಟ್‌ಲೆಟ್ ಇಳಿಯುತ್ತಿರುತ್ತದೆ. ಡೈಕ್ಲೋಫೆನಾಕ್ ಇದ್ದ ಪ್ಲೇಟ್‌ಲೆಟ್ಟಿನ ಕೆಲಸವನ್ನೂ ಕೆಡಿಸಿ ಹೊಟ್ಟೆಯಲ್ಲಿ ರಕ್ತ ಒಸರಿಸಬಹುದು. ಸೂಜಿ ಚುಚ್ಚಿದ ಮಾಂಸಖಂಡದೊಳಗೇ ರಕ್ತ ಕಟ್ಟಿಕೊಳ್ಳಬಹುದು. ಮೂರು ದಿನದ ನಂತರ ಒಸಡಿನಲ್ಲಿ ರಕ್ತ ಕಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಓಡುವಾಗ ಪರೀಕ್ಷೆ ಮಾಡಿಸಬೇಕಿದ್ದ ಮೊದಲ ದಿನಗಳು ಕಳೆದುಹೋಗಿರುತ್ತವೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಕಾಯಿಲೆ. ಉಣುಗಿನ ಕಾಲದಲ್ಲಿ ಜ್ವರ ಬಂದರೆ ನೋವಿನ ಸೂಜಿ ಬೇಡ, ರಕ್ತ ಪರೀಕ್ಷೆ ಬೇಕು ಎಂಬುದು ಮಲೆನಾಡಿನ ಪ್ರತಿ ಕ್ಲಿನಿಕ್ಕಿಗೂ ಗೊತ್ತಿರಲೇಬೇಕಾದ ಪಾಠ. ಇಲಿ ಜ್ವರಕ್ಕೆ ಮೊದಲ ದಿನಗಳಲ್ಲೇ ಸರಿಯಾದ ಆಂಟಿಬಯೋಟಿಕ್ ಬೇಕು, ಮಂಗನ ಕಾಯಿಲೆಗೆ ಆಂಟಿಬಯೋಟಿಕ್ಕಿನಿಂದ ಏನೂ ಆಗದು, ನೋಡಲು ಎರಡೂ ಮೊದಲಿಗೆ ಒಂದೇ ಥರ. ಹದಿನೈದು ವರ್ಷದ ಅನುಭವದಿಂದ ನರ ಹುಡುಕುವುದು ಕಲಿಯಬಹುದು, ಈ ವ್ಯತ್ಯಾಸ ಕಲಿಯಲಾಗದು.

ನಿಮ್ಮ ಮಗಳು ಇದನ್ನೆಲ್ಲ ಓದಿರುತ್ತಾಳೆ, ಹಾಗಿದ್ದರೆ ಅವಳು ಕೊಟ್ಟರೇನು ಎಂದರೆ, ಕೋರ್ಟು ಅದನ್ನು ಕೇಳುವುದೇ ಇಲ್ಲ. ಮುಂಬೈಯ ಪೂನಂ ವರ್ಮಾ ಪ್ರಕರಣ ನೋಡಿ. ಹೋಮಿಯೋಪತಿ ಓದಿದ ವೈದ್ಯರು ಜ್ವರದ ರೋಗಿಗೆ ಮೊದಲು ವೈರಲ್ ಎಂದು, ಆಮೇಲೆ ಟೈಫಾಯಿಡ್ ಎಂದು ಅಲೋಪತಿ ಔಷಧಿ ಕೊಟ್ಟರು. ರೋಗಿ ತೀರಿಕೊಂಡರು. ಔಷಧಿ ಸರಿಯಿತ್ತೇ ತಪ್ಪಿತ್ತೇ ಎಂಬ ವಾದಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ಹೋಗಲೇ ಇಲ್ಲ. ತನ್ನದಲ್ಲದ ಪದ್ಧತಿಯ ಔಷಧಿ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಡ ಎಂದು 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇದಕ್ಕೆ ಈಗ ಇನ್ನೊಂದು ಸೇರಿಕೊಂಡಿದೆ, ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಶಿಕ್ಷೆ. ನೋಂದಾಯಿತ ವೈದ್ಯರು ಚಿಕಿತ್ಸೆ ಮಾಡುವಾಗ ಆದರೆ ಎರಡು ವರ್ಷದವರೆಗೆ ಎಂಬ ರಿಯಾಯಿತಿ ಇದೆ. ಆದರೆ ಅಲ್ಲಿ ‘ನೋಂದಾಯಿತ ವೈದ್ಯ’ ಎಂದರೆ 2019ರ ಕಾಯ್ದೆಯ ರಿಜಿಸ್ಟರಿನಲ್ಲಿ ಇರುವವರು ಎಂದು ವಿವರಣೆ ಕೊಟ್ಟಿದ್ದಾರೆ. ಬಿಎಎಂಎಸ್‌ನವರು ಆ ವಿವರಣೆಯೊಳಗೆ ಬರುವುದಿಲ್ಲ. ಇದು ಸರಿಯೇ ಎಂದು ನನ್ನನ್ನು ಕೇಳಿದರೆ, ತನ್ನ ಪದ್ಧತಿಯಲ್ಲೇ ಪ್ರಾಮಾಣಿಕವಾಗಿ ಚಿಕಿತ್ಸೆ ಮಾಡಿದ ಆಯುರ್ವೇದ ವೈದ್ಯರಿಗೆ ಇದು ಅನ್ಯಾಯ ಎಂದೇ ಹೇಳುತ್ತೇನೆ. ಆದರೆ ಕಾನೂನು ಇರುವುದು ಹಾಗೆ.

ಮಂಚದ ಪಕ್ಕದ ಕಪಾಟಿನಲ್ಲಿರುವ ‘ಇರುವ ಔಷಧಿ ಎಲ್ಲ ನಿಮಗೇ’ ಎಂಬುದು ಈ ಕರಾರಿನ ಅತಿ ಅಪಾಯದ ಸಾಲು. ಆಧುನಿಕ ವೈದ್ಯರು ಅಂಗಡಿ ತೆರೆಯದೆ ತಮ್ಮ ರೋಗಿಗಳಿಗಷ್ಟೇ ಔಷಧಿ ಕೊಡುವುದಾದರೆ ಮಾರಾಟದ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಔಷಧ ನಿಯಮಾವಳಿಯ ‘ಶೆಡ್ಯೂಲ್ ಕೆ’ ಎಂಬ ಪಟ್ಟಿಯಲ್ಲಿದೆ. ಖರೀದಿ ಬಿಲ್ಲು ಇಟ್ಟಿರಬೇಕು ಎಂಬ ಷರತ್ತಿನ ಮೇಲೆ. ಕಾಂಪೌಂಡರಿಗೂ ಇಲ್ಲ, ಅಲೋಪತಿ ಔಷಧಿಯ ಮಟ್ಟಿಗೆ ನಿಮ್ಮ ಮಗಳಿಗೂ ಆ ವಿನಾಯಿತಿ ಇಲ್ಲ. ಆ ಕಪಾಟಿನ ಬೀಗದ ಕೈ ಅವಳ ಕೈಗೆ ಬಂದ ದಿನದಿಂದ ಅದು ಲೈಸೆನ್ಸ್ ಇಲ್ಲದ ದಾಸ್ತಾನು. ಲೈಸೆನ್ಸ್ ಇಲ್ಲದೆ ಮಾರಿದ್ದಕ್ಕೆ ಔಷಧ ಕಾಯ್ದೆಯ 27(ಬಿ)(ii) ಕನಿಷ್ಠ ಮೂರು ವರ್ಷ, ಗರಿಷ್ಠ ಐದು ವರ್ಷ ಜೈಲು ಎನ್ನುತ್ತದೆ, ಜೊತೆಗೆ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಗಮನಿಸಿ, ವೈದ್ಯ ಕಾಯ್ದೆಯಲ್ಲಿ ಒಂದು ವರ್ಷ ಗರಿಷ್ಠ, ಇಲ್ಲಿ ಮೂರು ವರ್ಷ ಕನಿಷ್ಠ. ಇನ್‌ಸ್ಪೆಕ್ಟರ್ ಮೊದಲು ಕೇಳುವುದು ‘ಯಾರಿಂದ ತಂದಿರಿ, ಬಿಲ್ಲು ತೋರಿಸಿ’ ಎಂದು. ಹಳೆಯವರು ಎಲ್ಲಿಂದ ತಂದರೋ ನಿಮಗೇನು ಗೊತ್ತು? ಕಪಾಟಿನಲ್ಲಿ ಬಿಲ್ಲೂ ಚೀಟಿಯೂ ಇಲ್ಲದ ‘ಆಯುರ್ವೇದ’ ಪುಡಿ ಪೊಟ್ಟಣಗಳಿದ್ದರೆ ಅವನ್ನೂ ಮುಟ್ಟಬೇಡಿ. ಮಂಡಿ ನೋವಿಗೆ ಎರಡೇ ದಿನದಲ್ಲಿ ಹಾರಿಸುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪ್ರಯೋಗಾಲಯದಲ್ಲಿ ಸಿಕ್ಕ ಉದಾಹರಣೆಗಳಿವೆ.

ಹಾಗೆಂದು ಕೈಮದ್ದೇ ಅಪರಾಧ ಎಂದಲ್ಲ. ಅವಳು ತನ್ನ ರೋಗಿಗಳಿಗೆ ಕಷಾಯ, ಚೂರ್ಣ, ತೈಲ ತಾನೇ ತಯಾರಿಸಿ ಕೊಡಬಹುದು. ಔಷಧ ಕಾಯ್ದೆಯ 33ಇಇಸಿ ಸೆಕ್ಷನ್ನಿನಲ್ಲಿ ವೈದ್ಯರಿಗೆ, ಹಕೀಮರಿಗೆ ತಮ್ಮ ರೋಗಿಗಳ ಮಟ್ಟಿಗೆ ಆ ವಿನಾಯಿತಿ ಇದೆ. ಬಾಟಲಿಗೆ ಲೇಬಲ್ ಅಂಟಿಸಿ ಪಕ್ಕದ ಊರಿನ ಅಂಗಡಿಗೆ ಕೊಟ್ಟರೆ ಮಾತ್ರ ತಯಾರಿಕಾ ಲೈಸೆನ್ಸ್ ಬೇಕು. ಭಸ್ಮ, ರಸೌಷಧಿಗಳನ್ನು ಮನೆಯಲ್ಲಿ ಮಾಡುವ ಉಮೇದು ಬೇಡ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇರುವುದನ್ನೇ ಕೊಂಡುಕೊಳ್ಳಲಿ.

ಈಗ ಮಾಡಬಹುದಾದದ್ದು. ಕಟ್ಟಡ ಪೇಟೆಯ ನಡುವೆ ಇದೆ, ಬೇಕೇ ಬೇಕು ಎಂದಾದರೆ ಕಟ್ಟಡ ಮಾತ್ರ ತೆಗೆದುಕೊಳ್ಳಿ. ಖಾಲಿ ಮಾಡಿಸಿ, ಮಾಲೀಕರೊಂದಿಗೆ ಮಾಸಿಕ ಬಾಡಿಗೆಯ ಕರಾರು ಬರೆಸಿ. ಆದಾಯದಲ್ಲಿ ಪಾಲು ಎಂಬ ಸಾಲು ಅದರಲ್ಲಿ ಬರಲೇಬಾರದು. ಕಟ್ಟಡ ಹಸ್ತಾಂತರವಾದ ದಿನ ಒಳಗೆ ಏನೇನು ಇತ್ತು, ಏನೇನು ಇರಲಿಲ್ಲ ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಅವಧಿ ಮೀರಿದ ಔಷಧಿಯನ್ನು ಹಳ್ಳಕ್ಕೆ ಸುರಿಯುವುದು, ತೋಟದಲ್ಲಿ ಹೂಳುವುದು ಬೇಡ. ಅದು ವೈದ್ಯಕೀಯ ತ್ಯಾಜ್ಯ ನಿಯಮದ ಹಳದಿ ವರ್ಗಕ್ಕೆ ಸೇರುತ್ತದೆ, ವಿಲೇವಾರಿ ಹಳೆಯವರ ಜವಾಬ್ದಾರಿ, ನಿಮ್ಮದಲ್ಲ. ಹಳೆಯ ಹೆಸರೂ ಬೇಡ. ಹಳೆಯ ಹೆಸರಿನ ಜೊತೆ ಹಳೆಯ ನಿರೀಕ್ಷೆ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ನೂರು ಮೀಟರ್ ಆಚೆ ಬೇರೆ ಕೋಣೆ ಸಿಕ್ಕರೆ ಅದೇ ಮೇಲು.

ಕಾಂಪೌಂಡರನ್ನು ಬೀದಿಗೆ ಹಾಕಿದ ಹಾಗಾಗುತ್ತದೆ ಎಂಬ ಸಂಕೋಚ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಅವರನ್ನು ಚೀಟಿ ಬರೆಯಲು, ಲೆಕ್ಕ ನೋಡಲು ಸಂಬಳಕ್ಕೆ ಇಟ್ಟುಕೊಳ್ಳಬಹುದು, ಕಾನೂನು ತಡೆಯುವುದಿಲ್ಲ. ಅಡ್ಡಿ ಬರುವುದು ವ್ಯವಹಾರದಲ್ಲಿ. ನಿಮ್ಮ ಮಗಳು ಊಟಕ್ಕೆ ಮನೆಗೆ ಹೋದ ಅರ್ಧ ಗಂಟೆಯಲ್ಲಿ ಹಳೆಯ ಗಿರಾಕಿ ಬಂದು ‘ಒಂದು ಸೂಜಿ ಹಾಕಿ ಮಾರಾಯ್ರೆ’ ಅಂದಾಗ ಅವರು ಇಲ್ಲ ಎನ್ನಲಾರರು. ಇಂಥ ಕಡತಗಳು ಶುರುವಾಗುವುದು ಬಹುತೇಕ ಆ ಅರ್ಧ ಗಂಟೆಯಲ್ಲೇ. ಅವರು ಫಾರ್ಮಸಿ ಓದಿ ಫಾರ್ಮಸಿ ಪರಿಷತ್ತಿನಲ್ಲಿ ನೋಂದಾಯಿತರಾಗಿದ್ದರೆ ಲೈಸೆನ್ಸ್ ಪಡೆದು ಔಷಧಿ ಅಂಗಡಿ ಇಡುವುದು ಅವರಿಗೂ ಗೌರವದ ದಾರಿ.

ಅನುಮತಿಗಳಲ್ಲಿ ಮುಖ್ಯವಾದದ್ದು ಕೆಪಿಎಂಇ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಒಂದೇ ಕೋಣೆಯ ಆಯುರ್ವೇದ ಕ್ಲಿನಿಕ್ಕಿಗೂ ಇದು ಬೇಕು. ಮಂಡಳಿಯ ನೋಂದಣಿ ವೈದ್ಯೆಗೆ, ಕೆಪಿಎಂಇ ಜಾಗಕ್ಕೆ. ಒಂದಿದ್ದರೆ ಇನ್ನೊಂದು ಬೇಡ ಎಂದು ತಿಳಿದು ಹೊಸಬರು ಎಡವುವುದು ಇಲ್ಲೇ. ಅರ್ಜಿ ಆನ್‌ಲೈನ್. ತೀರ್ಮಾನಿಸುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ, ಕಡತ ಓಡಾಡುವುದು ಶಿವಮೊಗ್ಗದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ, ಆಯುರ್ವೇದವಾದ್ದರಿಂದ ಜಿಲ್ಲಾ ಆಯುಷ್ ಕಚೇರಿಯೊಂದಿಗೂ ಮಾತಾಡಿಕೊಳ್ಳುವುದು ಒಳ್ಳೆಯದು. ಪದವಿ ಪತ್ರ, ಮಂಡಳಿಯ ನೋಂದಣಿ, ಬಾಡಿಗೆ ಕರಾರು, ಸಿಬ್ಬಂದಿ ಪಟ್ಟಿ, ಶುಲ್ಕದ ಪಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ತ್ಯಾಜ್ಯ ಅನುಮತಿ, ಇವನ್ನು ಮೊದಲೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲಿ. ಹೆಸರಿನ ಇನಿಷಿಯಲ್ ಒಂದು ಪತ್ರದಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ಅಷ್ಟಕ್ಕೇ ಅರ್ಜಿ ವಾಪಸ್ ಬರುವುದುಂಟು. ನೋಂದಣಿ ಐದು ವರ್ಷಕ್ಕೆ. ನೋಂದಣಿ ಇಲ್ಲದೆ ನಡೆಸಿದರೆ ದಂಡವಷ್ಟೇ ಅಲ್ಲ, ಜೈಲೂ ಇದೆ.

ಮೂರು ಮಂಚಗಳ ವಿಷಯದಲ್ಲಿ ಎಚ್ಚರ. ಅರ್ಜಿಯಲ್ಲಿ ‘ಹೊರರೋಗಿ ಕ್ಲಿನಿಕ್’ ಎಂದು ಬರೆದು ಒಳಗೆ ಮಂಚ ಹಾಕಿದ್ದರೆ ತಪಾಸಣೆಗೆ ಬಂದವರಿಗೆ ಮೊದಲು ಕಾಣುವುದೇ ಅದು. ಪಂಚಕರ್ಮಕ್ಕೆ ದ್ರೋಣಿ, ಅಭ್ಯಂಗದ ಮೇಜು ಬೇಕಿದ್ದರೆ ಅದನ್ನು ಹಾಗೇ ತೋರಿಸಿ, ಆ ವರ್ಗದಲ್ಲೇ ಅರ್ಜಿ ಹಾಕಲಿ. ತ್ಯಾಜ್ಯದ ಅನುಮತಿಯಲ್ಲೂ ಇದೇ ಭೇದ: 2016ರ ನಿಯಮದಂತೆ ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಒಮ್ಮೆ ಪಡೆದರೆ ಸಾಕು, ಹಾಸಿಗೆ ಇದ್ದರೆ ಅವಧಿಗೊಮ್ಮೆ ನವೀಕರಿಸಬೇಕು.

‘ಆಯುರ್ವೇದದಲ್ಲಿ ತ್ಯಾಜ್ಯ ಎಲ್ಲಿಂದ ಬಂತು’ ಎಂದು ಕೇಳುವವರಿದ್ದಾರೆ. ಜಿಗಣೆ ಹಚ್ಚಿ ರಕ್ತಮೋಕ್ಷಣ ಮಾಡಿದರೆ ರಕ್ತವಾದ ಹತ್ತಿಯೂ ಬಳಸಿದ ಜಿಗಣೆಯೂ ತ್ಯಾಜ್ಯವೇ. (ಕಾಡಿನಲ್ಲಿ ಕಾಲಿಗೆ ಹತ್ತುವ ಇಂಬಳವನ್ನು ಹಿಡಿದು ತಂದು ಹಚ್ಚುವುದಲ್ಲ ಇದು, ಅದನ್ನೂ ಹೇಳಿಬಿಡುತ್ತೇನೆ.) ರಕ್ತ ತಾಗಿದ್ದು ಹಳದಿ ಚೀಲಕ್ಕೆ, ಕೈಗವಸು, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಹಳದಿ ಚೀಲದ್ದನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬುದು ನಿಯಮ. ಜುಲೈಯಲ್ಲಿ ಧರೆ ಕುಸಿದು ರಸ್ತೆ ಮುಚ್ಚಿ ತ್ಯಾಜ್ಯದ ಗಾಡಿ ಬರದೇ ಹೋದರೆ? ಅಂಥ ಹೊತ್ತಿಗೂ ನಿಯಮದಲ್ಲೇ ದಾರಿ ಇದೆ: ಸುರಕ್ಷಿತವಾಗಿ ಇಟ್ಟು, ಕಾರಣ ಬರೆದು ಪ್ರಾಧಿಕಾರಕ್ಕೆ ತಿಳಿಸಬೇಕು. ಗಾಡಿಯವರಿಗೆ ಫೋನ್ ಮಾಡಿದ ದಿನ, ಹೊತ್ತು ದಿನಚರಿ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ನಿಮ್ಮನ್ನು ಕಾಪಾಡುವುದು ಆ ಒಂದು ಸಾಲು.

ಸೂಜಿ ಇಲ್ಲದೆ ನಡೆಯುತ್ತದೆಯೇ? ಮೊದಲ ವರ್ಷ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಜ್ವರಕ್ಕೆ ಬರುವವರು ಕೈಬಿಟ್ಟುಹೋಗುತ್ತಾರೆ. ಉಳಿಯುವವರು ಬೇರೆ: ಕೊನೆ ಕೊಯ್ದು, ಅಡಿಕೆ ಸುಲಿದು ಸೊಂಟ, ಕತ್ತು ಹಿಡಿದುಕೊಂಡವರು, ಮಳೆಗಾಲದ ಚರ್ಮದ ತೊಂದರೆಯವರು, ಬಾಣಂತಿಯರು, ಹೊಟ್ಟೆಯ ಹಳೆಯ ಕಾಯಿಲೆಯವರು. ಇವರು ಒಮ್ಮೆ ಬಂದರೆ ತಿಂಗಳುಗಟ್ಟಲೆ ಬರುತ್ತಾರೆ. ಇದರ ಜೊತೆಗೆ ವಾರಕ್ಕೆರಡು ದಿನ ಎಂಬಿಬಿಎಸ್ ವೈದ್ಯರೊಬ್ಬರು ಬಂದು ಕೂರುವ ಏರ್ಪಾಡು ಮಾಡಿಕೊಂಡರೆ ಜ್ವರದವರಿಗೂ ದಾರಿಯಾಗುತ್ತದೆ. ಅದಕ್ಕೆ ಕೆಪಿಎಂಇ ಅರ್ಜಿಯಲ್ಲಿ ಅವರ ಹೆಸರು, ಅವರ ಪದ್ಧತಿ ಸೇರಿರಬೇಕು, ಅವರು ನೋಡಿದ ರೋಗಿಗೆ ಅವರೇ ಬರೆಯಬೇಕು. ಸಹಿ ಹಾಕಿದ ಖಾಲಿ ಚೀಟಿಗಳ ಕಟ್ಟು ಮೇಜಿನ ಡ್ರಾಯರಿನಲ್ಲಿದ್ದರೆ ಇಬ್ಬರ ನೋಂದಣಿಯೂ ಅದೇ ಡ್ರಾಯರಿನಲ್ಲಿದೆ ಎಂದು ತಿಳಿಯಿರಿ. ಇದು ಯಾವುದೂ ಬೇಡ, ಸಂಬಳ ಬೇಕು ಎಂದಾದರೆ ಮೇಲೆ ಹೇಳಿದ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ, ಆಯುಷ್ ಇಲಾಖೆಯ ಹುದ್ದೆಗಳಿವೆ. ಶಸ್ತ್ರಚಿಕಿತ್ಸೆಯ ಆಸಕ್ತಿ ಇದ್ದರೆ ಶಲ್ಯ ತಂತ್ರದಲ್ಲಿ ಎಂಎಸ್ ಮಾಡಲಿ, 2020ರ ನಿಯಮದಲ್ಲಿ ಆ ಸ್ನಾತಕೋತ್ತರರಿಗೆ ನಿಗದಿತ ಶಸ್ತ್ರಕ್ರಿಯೆಗಳ ಪಟ್ಟಿಯೇ ಇದೆ.

ತುರ್ತು ಬಂದಾಗ? ಹಾವು ಕಡಿದವರನ್ನು, ಮರದಿಂದ ಬಿದ್ದವರನ್ನು ಹೊತ್ತು ತಂದರೆ ಬಾಗಿಲು ಹಾಕಿಕೊಳ್ಳುವುದಲ್ಲ. ರಕ್ತ ನಿಲ್ಲಿಸುವುದು, ಮುರಿದ ಕೈ ಅಲುಗದಂತೆ ಕಟ್ಟುವುದು, ಉಸಿರಾಟ ನೋಡುವುದು, 108ಕ್ಕೆ ಕರೆ ಮಾಡುವುದು ಪ್ರಥಮ ಚಿಕಿತ್ಸೆ, ಅದಕ್ಕೆ ಯಾವ ರಿಜಿಸ್ಟರೂ ಅಡ್ಡಿಯಲ್ಲ. ಎಷ್ಟು ಹೊತ್ತಿಗೆ ಬಂದರು, ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಕಳಿಸಿದಿರಿ ಎಂದು ಚೀಟಿ ಬರೆದು ಒಂದು ಪ್ರತಿ ಜೊತೆಗೆ ಕಳಿಸಿ, ಒಂದು ಇಟ್ಟುಕೊಳ್ಳಲಿ.

ತಪಾಸಣೆ ತಂಡ ಬಂದರೆ, ಎಲ್ಲ ಸರಿಯಿದ್ದರೂ ಬರುತ್ತದೆ, ಬೀಗ ಹಾಕಿ ಹಿಂಬಾಗಿಲಿನಿಂದ ಹೋಗುವುದು ಬೇಡ. ನೋಂದಣಿಯ ಪ್ರತಿ, ರೋಗಿಗಳ ಪುಸ್ತಕ, ಔಷಧಿಯ ಬಿಲ್ಲು ಒಂದೇ ಫೈಲಿನಲ್ಲಿರಲಿ. ಏನಾದರೂ ವಶಪಡಿಸಿಕೊಂಡರೆ ಮಹಜರಿನ ಪ್ರತಿ ಕೇಳಲಿ, ಓದದೆ ಸಹಿ ಹಾಕದಿರಲಿ. ನೋಟಿಸು ಕೊಟ್ಟರೆ ಅದರಲ್ಲಿ ಹೇಳಿದ ದಿನದೊಳಗೆ ಲಿಖಿತ ಉತ್ತರ. ಬಾಯಿ ಮಾತಿನಲ್ಲಿ ‘ಆಯ್ತು ಬಿಡಿ ಮೇಡಂ’ ಎಂದದ್ದು ಕಡತಕ್ಕೆ ಏರುವುದಿಲ್ಲ.

ಬೋರ್ಡು ಬರೆಸುವಾಗ ಹಸಿರು ಬಣ್ಣ: ರಾಜ್ಯದಲ್ಲಿ ಆಯುರ್ವೇದಕ್ಕೆ ಹಸಿರು, ಅಲೋಪತಿಗೆ ಆಕಾಶನೀಲಿ ಎಂದು ನಿಗದಿ ಮಾಡಿದ್ದಾರೆ. ಹೆಸರು, ಬಿಎಎಂಎಸ್, ಮಂಡಳಿಯ ನೋಂದಣಿ ಸಂಖ್ಯೆ, ಕೆಪಿಎಂಇ ಸಂಖ್ಯೆ, ಸಮಯ. ‘ಡಾ.’ ಎಂದು ಬರೆದುಕೊಳ್ಳುವ ಹಕ್ಕು ಅವಳಿಗಿದೆ. ಪೇಂಟರ್ ಜಾಗ ಉಳಿದಿದೆ ಎಂದು ಕೆಳಗೆ ‘ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸಲಾಗುವುದು’ ಎಂದು ಸೇರಿಸಲು ಬಂದರೆ ಬೇಡ ಎನ್ನಿ. ಹಾಗೆ ಪ್ರಚಾರ ಮಾಡಬಾರದ ಕಾಯಿಲೆಗಳ ಪಟ್ಟಿ ಔಷಧಿಗಳ ಆಕ್ಷೇಪಾರ್ಹ ಜಾಹೀರಾತು ತಡೆಯುವ 1954ರ ಕಾಯ್ದೆಯಲ್ಲಿದೆ, ಅವೆರಡೂ ಅದರೊಳಗಿವೆ.